ರಾಷ್ಟ್ರಗಳ ದುಡಿಮೆಗಾರರ ಗಣನೆ: ಲಕ್ಷಣವೂ ಲಕ್ಷ್ಯವೂ

ಯಾವ ದೇಶದಲ್ಲಿ ದುಡಿಯುವವರು ಎಷ್ಟು ಮಂದಿ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಬಹು ಸುಲಭವಾದುದು. ಜನರನ್ನು ಎಣಿಸಿದಂತೆಯೇ ದುಡಿಯುವವರನ್ನೂ ಎಣಿಸಿ, ಒಂದು ರಾಷ್ಟ್ರದ ಸಂಖ್ಯೆಯನ್ನು ಮತ್ತೊಂದರ ಪಕ್ಕದಲ್ಲಿರಿಸಿದರೆ ತಾರತಮ್ಯವು ತಾನಾಗಿಯೇ ತೋರುವುದೆಂದು ಸಾಮಾನ್ಯರ ನಂಬಿಕೆ. ಅಂತರರಾಷ್ಟ್ರೀಯ ಪಟ್ಟಿಗಳೂ ಈ ಕ್ರಮದಲ್ಲಿಯೇ ರಚಿತವಾಗಿವೆ. ಅವುಗಳ ಪ್ರಕಾರ ೨೦೨೩ರಲ್ಲಿ ಜಗತ್ತಿನ ಒಟ್ಟು ಶ್ರಮಬಲವು ಸುಮಾರು ೩೬೦ ಕೋಟಿ. ಅದರಲ್ಲಿ ಚೀನಾದ ಪಾಲು ೭೭ ಕೋಟಿಗೆ ಮೇಲ್ಪಟ್ಟುದು, ಭಾರತದ್ದು ೬೦ ಕೋಟಿಯ ಸಮೀಪದ್ದು, ಅಮೆರಿಕ ಸಂಯುಕ್ತ ಸಂಸ್ಥಾನದ್ದು ಸುಮಾರು ೧೬.೭ ಕೋಟಿ, ಇಂಡೋನೇಷ್ಯಾದ್ದು ೧೪ ಕೋಟಿಗೆ ಮಿಕ್ಕುದು, ಜಪಾನಿನದು ಸುಮಾರು ೬.೯ ಕೋಟಿ. ಅದೇ ವರ್ಷದಲ್ಲಿ ಭಾರತವು ಜನಸಂಖ್ಯೆಯಲ್ಲಿ ಚೀನಾವನ್ನು ಮೀರಿತು. ಜನರಲ್ಲಿ ಅಧಿಕವಾದ ದೇಶವು ದುಡಿಮೆಗಾರರಲ್ಲಿ ೧೭ ಕೋಟಿಯಷ್ಟು ಹಿಂದೆ ಬಿದ್ದಿರುವುದೇಕೆ? ಭಾರತದಲ್ಲಿ ಬಾಲಕರ ಪ್ರಮಾಣವು ಹೆಚ್ಚೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವು ಸ್ತ್ರೀಯರ ಲೆಕ್ಕದಲ್ಲಿದೆ. ಆ ಲೆಕ್ಕವನ್ನು ಶೋಧಿಸಹೊರಟರೆ, ಸಂಖ್ಯೆಗಿಂತ ಮುಂಚೆ ಶಬ್ದಾರ್ಥವನ್ನೇ ವಿಚಾರಿಸಬೇಕಾಗುತ್ತದೆ.

ಲಕ್ಷಣವು ಸಿದ್ಧವಾಗದೆ ಗಣನೆಯು ಸಿದ್ಧಿಸದು. 'ದುಡಿಯುವವನು' ಯಾರೆಂಬುದನ್ನು ನಿರ್ಣಯಿಸಿದ ಬಳಿಕವೇ ಅವನನ್ನು ಎಣಿಸುವುದು ಸಾಧ್ಯ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ನೈಯಾಯಿಕರು ಹೇಳಿದ್ದಾರೆ. ಲಕ್ಷ್ಯದ ಒಂದು ಭಾಗಕ್ಕೆ ತಗಲದಿರುವುದು ಅವ್ಯಾಪ್ತಿ. ಲಕ್ಷ್ಯವಲ್ಲದುದನ್ನೂ ಒಳಗೊಳ್ಳುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಇರದಿರುವುದು ಅಸಂಭವ. ಇವುಗಳಲ್ಲಿ ಮೊದಲನೆಯ ಎರಡು ದೋಷಗಳು ರಾಷ್ಟ್ರಗಳ ಗಣತಿಗಳಲ್ಲಿ ಕೋಟ್ಯಂತರ ಜನರನ್ನು ಹೊರಕ್ಕೂ ಒಳಕ್ಕೂ ನೂಕಿರುವ ಬಗೆಯನ್ನು ಚರಿತ್ರೆಯಿಂದ ತಿಳಿಯಬಹುದಾಗಿದೆ.

ಈ ವಿವಾದದ ಬೀಜವು ಪಾಣಿನಿಯ ವ್ಯಾಕರಣದಲ್ಲಿಯೇ ಗೋಚರಿಸುವುದು ಗಮನಾರ್ಹವಾದ ವಿಷಯ. ಅಷ್ಟಾಧ್ಯಾಯಿಯ ತೃತೀಯಾಧ್ಯಾಯದ ದ್ವಿತೀಯಪಾದದ ೨೨ನೆಯ ಸೂತ್ರದಂತೆ, ಭೃತಿ ಅಂದರೆ ಕೂಲಿಯು ತೋರುವಾಗ 'ಕರ್ಮಕರ' ಎಂಬ ರೂಪವು ಸಾಧುವಾಗುತ್ತದೆ. ಕೂಲಿಯಿಲ್ಲದೆ ಕೆಲಸಮಾಡುವವನು 'ಕರ್ಮಕಾರ'ನೆನಿಸುತ್ತಾನೆ. ಮಾಡುವ ಕರ್ಮವು ಎರಡೆಡೆಯಲ್ಲಿಯೂ ಒಂದೇ. ಕೂಲಿಯ ಭಾವಾಭಾವಗಳಿಂದ ಸ್ವರವು ಹ್ರಸ್ವವೋ ದೀರ್ಘವೋ ಆಗುತ್ತದೆ. ವೈಯಾಕರಣನು ಇಬ್ಬರಿಗೂ ಹೆಸರನ್ನಿತ್ತನು. ಆಧುನಿಕ ಗಣಕರಾದರೋ ಬಹುಕಾಲ ಒಬ್ಬನನ್ನು ಮಾತ್ರ ಎಣಿಸಿ ಮತ್ತೊಬ್ಬನನ್ನು ಬಿಟ್ಟರು.

ಪ್ರಾಚೀನ ರಾಜ್ಯತಂತ್ರದಲ್ಲಿ ಈ ಗಣನೆಯು ಹೇಗಿದ್ದಿತೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ಪ್ರಮಾಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಸಮಾಹರ್ತೃವಿನ ಕೈಕೆಳಗಿನ ಗೋಪನೆಂಬ ಅಧಿಕಾರಿಯು ಬರೆದಿಡಬೇಕಾದ ಲೆಕ್ಕಗಳು ವಿಧಿಸಲ್ಪಟ್ಟಿವೆ. ಊರಿನಲ್ಲಿ ಕೃಷಿಕರೆಷ್ಟು, ಗೋರಕ್ಷಕರೆಷ್ಟು, ವ್ಯಾಪಾರಿಗಳೆಷ್ಟು, ಕಾರುಗಳೆಷ್ಟು, ಕರ್ಮಕರರೆಷ್ಟು, ದಾಸರೆಷ್ಟು ಎಂಬುದನ್ನು ಅವನು ಬೇರೆ ಬೇರೆಯಾಗಿ ಅರಿಯತಕ್ಕುದು. ಅಷ್ಟೇ ಅಲ್ಲ, ಪ್ರತಿ ಕುಲದ ಸ್ತ್ರೀಪುರುಷರ, ಬಾಲವೃದ್ಧರ ಕೆಲಸ, ನಡತೆ, ಆದಾಯ, ವ್ಯಯಗಳ ಪ್ರಮಾಣವೂ ಅವನಿಗೆ ತಿಳಿದಿರಬೇಕು. ಈ ಲೆಕ್ಕದ ಪ್ರಯೋಜನವು ಕರ, ವಿಷ್ಟಿ, ದಂಡ ಮುಂತಾದುವುಗಳ ಗ್ರಹಣ. ಜನಹಿತದ ಅರಿವು ಅದರ ಮುಖ್ಯೋದ್ದೇಶವಲ್ಲ. ಆದರೂ ಹೆಂಗಸು, ಮುದುಕ, ಮಕ್ಕಳು ಎಂದು ಯಾರ ಕೆಲಸವನ್ನೂ ಆ ವಿಧಿಯು ಬಿಡುವುದಿಲ್ಲ. ಬಿಟ್ಟಿಯ ದುಡಿಮೆಯನ್ನು ಸೆಳೆಯಬಯಸುವ ರಾಜ್ಯಕ್ಕೆ ದುಡಿಯಬಲ್ಲ ಪ್ರತಿಯೊಂದು ಕೈಯ ಲೆಕ್ಕವೂ ಬೇಕಾಗಿತ್ತೆಂದು ಇದರಿಂದ ಊಹಿಸಬಹುದು.

ಯುರೋಪಿನಲ್ಲಿ ಗಣನೆಯು ಬೇರೊಂದು ದಾರಿಯನ್ನು ಹಿಡಿಯಿತು. ಇಂಗ್ಲೆಂಡಿನ ಗ್ರೆಗರಿ ಕಿಂಗನು ೧೬೮೮ರ ಸ್ಥಿತಿಯನ್ನು ಕುರಿತು ೧೬೯೬ರಲ್ಲಿ ರಚಿಸಿದ ಪಟ್ಟಿಯಲ್ಲಿ ಸುಮಾರು ೫೫ ಲಕ್ಷ ಜನರನ್ನು ಎರಡು ಭಾಗವಾಗಿ ವಿಂಗಡಿಸಿದನು: ರಾಜ್ಯದ ಸಂಪತ್ತನ್ನು ಹೆಚ್ಚಿಸುವವರು, ಕುಗ್ಗಿಸುವವರು. ಕೂಲಿಯಾಳುಗಳು, ಗುಡಿಸಲುವಾಸಿಗಳು, ಸಾಮಾನ್ಯ ನಾವಿಕರು, ಸಿಪಾಯಿಗಳು ಇವರೆಲ್ಲರೂ ಎರಡನೆಯ ವರ್ಗಕ್ಕೆ ಬಿದ್ದರು. ಅವರ ಸಂಖ್ಯೆಯು ಅರ್ಧಕ್ಕೂ ಮಿಕ್ಕುದಾಗಿದ್ದಿತು. ವರಮಾನಕ್ಕಿಂತ ವೆಚ್ಚವು ಹೆಚ್ಚಾದವನು ರಾಜ್ಯಕ್ಕೆ ಭಾರವೆಂಬುದೇ ಅವನ ಲಕ್ಷಣ. ಹೊಲವನ್ನು ಉತ್ತವನು ಸಂಪತ್ತಿಗೆ ಕ್ಷಯಕಾರಿಯೆಂದೂ, ಅದರ ಗೇಣಿಯನ್ನು ಉಂಡವನು ವೃದ್ಧಿಕಾರಿಯೆಂದೂ ಆ ಲಕ್ಷಣದಿಂದ ಸಿದ್ಧಿಸಿತು. ಪ್ರಾಮಾಣಿಕವಾಗಿ ಕೂಡಿಸಿದ ಅಂಕಗಳಿಂದಲೂ ವಿಪರೀತವಾದ ಅರ್ಥವು ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಣತಿಗಳಲ್ಲಿ ಗೃಹಿಣಿಯ ಸ್ಥಾನವು ಬದಲಾದ ಕ್ರಮವೂ ಹೀಗೆಯೇ ವಿಚಾರಾರ್ಹವಾದುದು. ೧೮೫೧ರ ಗಣತಿಯಲ್ಲಿ ಮನೆವಾಳ್ತೆಯನ್ನು ನಡೆಯಿಸುವ ಪತ್ನಿಯರಿಗೂ ತಾಯಂದಿರಿಗೂ ಉದ್ಯೋಗಗಳ ನಡುವೆ ಒಂದು ಪ್ರತ್ಯೇಕ ವರ್ಗವಿದ್ದಿತು. ೧೮೮೧ರ ಗಣತಿಯಲ್ಲಿ ಅವರನ್ನು 'ನಿರುದ್ಯೋಗ ವರ್ಗ'ಕ್ಕೆ ಸೇರಿಸಲಾಯಿತು. ಆ ಮೂವತ್ತು ವರ್ಷಗಳಲ್ಲಿ ಒಲೆಯೂ ಆರಲಿಲ್ಲ, ತೊಟ್ಟಿಲೂ ನಿಲ್ಲಲಿಲ್ಲ. ಪುಸ್ತಕದಲ್ಲಿನ ಅಂಕಣವೊಂದು ಮಾತ್ರ ಬದಲಾಯಿತು.

ಅಮೆರಿಕದ ಗಣತಿಯು ಇದಕ್ಕೆ ವಿರುದ್ಧವಾದ ದೋಷವನ್ನು ತೋರಿಸುತ್ತದೆ. ೧೯೧೦ರಲ್ಲಿ, ಹೊಲದ ಹೊರಗೆಲಸವನ್ನು ಕ್ರಮವಾಗಿ ಮಾಡುವ ಹೆಂಗಸರನ್ನೂ ಮಕ್ಕಳನ್ನೂ ಬೇಸಾಯದ ಆಳುಗಳೆಂದು ಬರೆಯತಕ್ಕುದೆಂದು ಗಣಕರಿಗೆ ವಿಶೇಷವಾದ ಆಜ್ಞೆಯಾಯಿತು. ಆ ವರ್ಷದ ಸಂಖ್ಯೆಯು ಹಠಾತ್ತಾಗಿ ಏರಿತು. ೧೯೨೦ರಲ್ಲಿ ಆ ಒತ್ತು ತಗ್ಗಿತು. ಗಣತಿಯ ದಿನವೂ ಏಪ್ರಿಲ್ ೧೫ರಿಂದ ಜನವರಿ ೧ಕ್ಕೆ ಸರಿಯಿತು. ಹಿಮ ಬಿದ್ದ ಹೊಲದಲ್ಲಿ ಕೆಲಸವೆಲ್ಲಿಯದು? ಸಂಖ್ಯೆಯು ಮತ್ತೆ ಇಳಿಯಿತು. ಮೊದಲನೆಯದರಲ್ಲಿ ಅತಿವ್ಯಾಪ್ತಿಯೋ ಎರಡನೆಯದರಲ್ಲಿ ಅವ್ಯಾಪ್ತಿಯೋ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಯಿತು. ೧೯೪೦ರಲ್ಲಿ ಆ ದೇಶವು ಹಳೆಯ ಲಕ್ಷಣವನ್ನೇ ತ್ಯಜಿಸಿತು. ಅಲ್ಲಿಯವರೆಗೆ ಪ್ರತಿಯೊಬ್ಬನ ರೂಢಿಯ ವೃತ್ತಿ ಯಾವುದೆಂಬ ಪ್ರಶ್ನೆಯಿದ್ದಿತು. ಈಗ ಮಾರ್ಚ್ ೨೪ರಿಂದ ೩೦ರವರೆಗಿನ ಒಂದು ವಾರದಲ್ಲಿ ಅವನು ಕೆಲಸದಲ್ಲಿದ್ದನೇ, ಕೆಲಸವನ್ನು ಹುಡುಕುತ್ತಿದ್ದನೇ ಎಂಬ ಪ್ರಶ್ನೆಯು ಬಂದಿತು. ೧೯೨೯ರಿಂದ ತೊಡಗಿದ ಮಹಾ ಆರ್ಥಿಕ ಕುಸಿತದಲ್ಲಿ ವೃತ್ತಿಯಿದ್ದೂ ಕೆಲಸವಿಲ್ಲದವರ ಸಮೂಹವು ಕಣ್ಣಿಗೆ ಬಿದ್ದುದೇ ಈ ಪರಿವರ್ತನೆಗೆ ಹೇತು. ಕೆಲಸದಲ್ಲಿರುವವರನ್ನೂ ಕೆಲಸ ಬೇಡುವವರನ್ನೂ ಕೂಡಿಸಿ 'ಶ್ರಮಬಲ'ವೆನ್ನುವ ಇಂದಿನ ಪರಿಭಾಷೆಯು ಹೀಗೆ ನೆಲೆಗೊಂಡಿತು.

ಭಾರತದ ಖಾನೇಷುಮಾರಿಯಲ್ಲಿ ಲಕ್ಷಣವು ಇನ್ನೂ ಹೆಚ್ಚಾಗಿ ಅಲೆದಾಡಿತು. ೧೯೦೧ರಲ್ಲಿ ವಾಸ್ತವವಾಗಿ ದುಡಿಯುವವರು, ಅವಲಂಬಿಗಳು ಎಂಬ ವಿಭಾಗವಿದ್ದಿತು. ೧೯೩೧ರಲ್ಲಿ ಸಂಪಾದಕರು, ದುಡಿಯುವ ಅವಲಂಬಿಗಳು, ದುಡಿಯದ ಅವಲಂಬಿಗಳು ಎಂದು ಮೂರು ವರ್ಗಗಳಾದುವು. ೧೯೫೧ರಲ್ಲಿ ವರಮಾನವೇ ಅಳತೆಗೋಲಾಯಿತು. ೧೯೬೧ರಲ್ಲಿ ಅದನ್ನು ಬಿಟ್ಟು ಕೆಲಸದ ಕಾಲವನ್ನು ಆಧಾರವಾಗಿ ಹಿಡಿದರು: ಸುಗ್ಗಿಯಂತಹ ಕಾಲಾನುಗುಣವಾದ ಕೆಲಸದಲ್ಲಿ, ಆ ಋತುವಿನ ಬಹುಭಾಗ ದಿನಕ್ಕೊಂದು ಗಂಟೆಗಿಂತ ಹೆಚ್ಚಾಗಿ ಕ್ರಮವಾಗಿ ದುಡಿದವರೆಲ್ಲರೂ ದುಡಿಮೆಗಾರರೇ ಎಂದಾಯಿತು. ೧೯೭೧ರಲ್ಲಿ ಪ್ರಶ್ನೆಯು ಮತ್ತೆ ತಿರುಗಿತು: ಒಬ್ಬನ ಅಥವಾ ಒಬ್ಬಳ ಮುಖ್ಯವಾದ ಕೆಲಸ ಯಾವುದು? ಮನೆಗೆಲಸವೇ ಮುಖ್ಯವೆಂದು ಉತ್ತರವಿತ್ತ ರೈತನ ಹೆಂಡತಿಯು, ಕಳೆ ಕಿತ್ತಿದ್ದರೂ ನಾಟಿ ಮಾಡಿದ್ದರೂ, ದುಡಿಯದವರ ಅಂಕಣಕ್ಕೆ ಸೇರಿದಳು.

ಇದರ ಫಲವು ಅಂಕಗಳಲ್ಲಿ ವ್ಯಕ್ತವಾಗಿದೆ. ಆ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆಯು ಸುಮಾರು ೪೩.೯ ಕೋಟಿಯಿಂದ ೫೪.೮ ಕೋಟಿಗೆ ಬೆಳೆಯಿತು. ದುಡಿಮೆಗಾರರ ಸಂಖ್ಯೆಯಾದರೋ ಸುಮಾರು ೧೮.೮ ಕೋಟಿಯಿಂದ ೧೮ ಕೋಟಿಗೆ ಇಳಿಯಿತು. ದುಡಿಯುವ ಸ್ತ್ರೀಯರು ಸುಮಾರು ೫.೯ ಕೋಟಿಯಿಂದ ೩.೧ ಕೋಟಿಗೆ ಕುಗ್ಗಿದರು. ಮಾರಿಯಿಂದಲೋ ಕ್ಷಾಮದಿಂದಲೋ ಇವರು ಮರೆಯಾದವರಲ್ಲ; ಲಕ್ಷಣದ ಅವ್ಯಾಪ್ತಿಯಿಂದ ಮರೆಯಾದವರು. ಈ ದೋಷವನ್ನರಿತು ೧೯೮೧ರಲ್ಲಿ ವರ್ಷಕ್ಕೆ ೧೮೩ ದಿನಗಳ ಮೇರೆಯನ್ನು ಕಲ್ಪಿಸಿ, ಅದನ್ನು ತಲಪಿದವರು ಮುಖ್ಯ ದುಡಿಮೆಗಾರರು, ತಲಪದವರು ಅಂಚಿನ ದುಡಿಮೆಗಾರರು ಎಂದು ಇಬ್ಬರಿಗೂ ಎಡೆಯಿತ್ತರು. ೧೯೯೧ರಲ್ಲಿ ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸವನ್ನೂ ಕೇಳಿ ಬರೆಯಬೇಕೆಂದು ಪ್ರಶ್ನೆಯಲ್ಲಿಯೇ ಸ್ಪಷ್ಟಪಡಿಸಿದರು. ೨೦೦೧ರಲ್ಲಿ ಮನೆಬಳಕೆಗಾಗಿಯೇ ಹೈನುಮಾಡುವವರನ್ನೂ ಸೇರಿಸಿಕೊಂಡರು. ೨೦೧೧ರ ಗಣತಿಯಲ್ಲಿ ಒಟ್ಟು ದುಡಿಮೆಗಾರರು ಸುಮಾರು ೪೮ ಕೋಟಿ. ಅವರಲ್ಲಿ ಅಂಚಿನವರು ಸುಮಾರು ೧೨ ಕೋಟಿ. ಒಟ್ಟಿನಲ್ಲಿ ಮೂರನೆಯ ಒಂದು ಪಾಲಿಗೂ ಕಡಮೆಯಾದ ಸ್ತ್ರೀಯರು, ಅಂಚಿನವರಲ್ಲಿ ಸುಮಾರು ಅರ್ಧದಷ್ಟಿದ್ದಾರೆ.

ರಾಷ್ಟ್ರಗಳಿಗೆಲ್ಲ ಸಮಾನವಾದ ಲಕ್ಷಣವನ್ನು ಏರ್ಪಡಿಸುವ ಪ್ರಯತ್ನವೂ ದೀರ್ಘವಾದುದು. ೧೯೧೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೨೩ರಲ್ಲಿ ಅಂಕಿ ಅಂಶಜ್ಞರ ಮೊದಲನೆಯ ಸಮ್ಮೇಳನವನ್ನು ನೆರೆಯಿಸಿತು. ೧೯೩೮ರಲ್ಲಿ ರಾಷ್ಟ್ರಸಂಘದ ತಜ್ಞ ಸಮಿತಿಯು ಲಾಭದಾಯಕ ವೃತ್ತಿಯವರ ಲಕ್ಷಣವನ್ನು ಸೂಚಿಸಿತು. ೧೯೫೪ರಲ್ಲಿ, ಕುಟುಂಬದ ಕೆಲಸದಲ್ಲಿ ಕೂಲಿಯಿಲ್ಲದೆ ನೆರವಾಗುವವರು ವಾಡಿಕೆಯ ಕೆಲಸದ ಹೊತ್ತಿನ ಮೂರನೆಯ ಒಂದು ಪಾಲಾದರೂ ದುಡಿದಿದ್ದರೆ ಮಾತ್ರ ಗಣ್ಯರೆಂದಾಯಿತು. ೧೯೮೨ರಲ್ಲಿ ಆ ತಡೆಯನ್ನು ತೆಗೆದು, ಒಂದು ಗಂಟೆಯ ಕೆಲಸವೂ ಸಾಕೆಂದರು. ಮನೆಬಳಕೆಗೆ ಧಾನ್ಯವನ್ನು ಬೆಳೆಯುವುದೂ ಹಸನುಗೊಳಿಸುವುದೂ ಆರ್ಥಿಕ ಕರ್ಮವೆಂದು ಎಣಿಸಿದರು. ೨೦೧೩ರ ಅಕ್ಟೋಬರಿನಲ್ಲಿ ಜಿನೀವಾದಲ್ಲಿ ನೆರೆದ ೧೯ನೆಯ ಸಮ್ಮೇಳನವು ಇನ್ನೂ ಮುಂದೆ ಹೋಗಿ, ತನಗಾಗಲಿ ಪರರಿಗಾಗಲಿ ಉಪಯೋಗವಾಗುವಂತೆ ವಸ್ತುವನ್ನು ಉತ್ಪಾದಿಸುವ ಅಥವಾ ಸೇವೆಯನ್ನು ಸಲ್ಲಿಸುವ ಸಮಸ್ತ ವ್ಯಾಪಾರವೂ 'ಕೆಲಸ'ವೆಂದು ಸಾರಿತು. ಅಡಿಗೆ, ಶಿಶುಪಾಲನೆ, ನೀರು ತರುವುದು ಇವೆಲ್ಲವೂ ಕೆಲಸಗಳಾದುವು. ಆದರೆ ಕೂಲಿಗಾಗಿ ಅಥವಾ ಲಾಭಕ್ಕಾಗಿ ಮಾಡುವ ಕೆಲಸವೊಂದನ್ನೇ 'ಉದ್ಯೋಗ'ವೆಂದು ಬೇರ್ಪಡಿಸಿದುದರಿಂದ, ತನ್ನ ಹೊಟ್ಟೆಗೆ ಮಾತ್ರ ಬೆಳೆದುಕೊಳ್ಳುವ ರೈತನೂ ಉದ್ಯೋಗಸ್ಥರ ಲೆಕ್ಕದಿಂದ ಹೊರಬಿದ್ದನು. ಕರ್ಮಕಾರನಿಗೆ ಹೆಸರು ದೊರೆಯಿತು. ಶ್ರಮಬಲದಲ್ಲಿ ಸ್ಥಾನವು ಕರ್ಮಕರನಿಗೇ ಉಳಿಯಿತು.

ಹನ್ನೆರಡನೆಯ ಶತಮಾನದ ಶರಣೆಯರ ನಾಮಗಳನ್ನು ಪರಿಶೀಲಿಸಿದರೆ ಈ ಭೇದದ ಸ್ವರೂಪವು ವಿಶದವಾಗುತ್ತದೆ. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ ಎಂಬ ಹೆಸರುಗಳಲ್ಲಿ ಕಾಯಕವೇ ವಿಶೇಷಣವಾಗಿದೆ; ಬತ್ತವನ್ನು ಕುಟ್ಟುವುದೂ ನೂಲನ್ನು ತೆಗೆಯುವುದೂ ವ್ಯಕ್ತಿಯ ಗುರುತಾಗಿದೆ. ಇಂದಿನ ಗಣನೆಯಲ್ಲಾದರೋ ಒನಕೆಯು ನೆರೆಮನೆಯಲ್ಲಿ ಕೂಲಿಗಾಗಿ ಎದ್ದರೆ ಹಿಡಿದವಳು ದುಡಿಮೆಗಾರಳು. ಅದೇ ಒನಕೆಯು ತನ್ನ ಮನೆಯ ಒರಳಿಗೆ ಬಿದ್ದರೆ ಅಲ್ಲ. ಭಾರತದ ಶ್ರಮಬಲ ಸಮೀಕ್ಷೆಯು ಸ್ವಂತ ಬಳಕೆಯ ಧಾನ್ಯವನ್ನು ಬೆಳೆಯುವುದನ್ನು ಕೆಲಸವೆಂದು ಸ್ವೀಕರಿಸಿ, ಅದನ್ನು ಕುಟ್ಟಿ ಬೀಸುವುದನ್ನು ಬಿಟ್ಟಿದೆ. ಹೀಗೆ ೨೦೧೩ರ ಲಕ್ಷಣಕ್ಕೂ ಈ ದೇಶದ ರೂಢಿಗೂ ಅಂತರವಿದೆ. ಅಮೆರಿಕದಲ್ಲಿ ಕೂಲಿಯಿಲ್ಲದೆ ಮನೆಯ ಉದ್ಯಮದಲ್ಲಿ ನೆರವಾಗುವವರು ವಾರಕ್ಕೆ ೧೫ ಗಂಟೆಗಳಾದರೂ ದುಡಿದಿರಬೇಕೆಂಬ ನಿಯಮವಿರುವುದರಿಂದ ಮತ್ತೊಂದು ಅಂತರವು ಏರ್ಪಡುತ್ತದೆ.

ದುಡಿಯುವವರ ಸಂಖ್ಯೆಯಲ್ಲಿ ಅಗ್ರಗಣ್ಯವಾದ ಚೀನಾದ ಲೆಕ್ಕದಲ್ಲಿಯೂ ಇಂತಹುದೇ ಒಂದು ಸಂಧಿಯಿದೆ. ೧೯೮೯ರಲ್ಲಿ ಅಲ್ಲಿನ ಉದ್ಯೋಗಸ್ಥರು ೫೫.೩ ಕೋಟಿ, ೧೯೯೦ರಲ್ಲಿ ೬೪.೭ ಕೋಟಿ. ಒಂದೇ ವರ್ಷದಲ್ಲಿ ೯ ಕೋಟಿಗೆ ಮಿಕ್ಕ ಕೆಲಸಗಳು ಹುಟ್ಟಿದುವೆಂದು ತಿಳಿದರೆ ಅದು ಭ್ರಮೆ. ೧೯೯೦ರ ಜನಗಣತಿಯ ಆಧಾರದ ಮೇಲೆ ಆ ವರ್ಷದಿಂದ ಮುಂದಿನ ಸಂಖ್ಯೆಗಳನ್ನು ಹೊಸದಾಗಿ ಗುಣಿಸಿದರು. ಹಿಂದಿನವು ಹಳೆಯಂತೆಯೇ ಉಳಿದುವು. ಒಂದೇ ಕೋಷ್ಟಕದಲ್ಲಿ ಒಂದರ ಕೆಳಗೊಂದಾಗಿ ಬಂದ ಎರಡು ಅಂಕಗಳು ಏಕಜಾತೀಯವಾಗಿರಲೇಬೇಕೆಂಬ ನಿಯಮವಿಲ್ಲ.

ಭಾರತದಲ್ಲಿ ಈಚೆಗೆ ಕಂಡ ಏರಿಕೆಯನ್ನೂ ಈ ದೃಷ್ಟಿಯಿಂದಲೇ ಪರಿಶೀಲಿಸತಕ್ಕುದು. ೧೫ ವರ್ಷಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ ಶ್ರಮಬಲಕ್ಕೆ ಸೇರಿದವರು ೨೦೧೭–೧೮ರಲ್ಲಿ ನೂರಕ್ಕೆ ೨೩.೩ ಇದ್ದುದು ೨೦೨೩–೨೪ರಲ್ಲಿ ೪೧.೭ ಆಯಿತು. ಈ ಹೆಚ್ಚಳದ ಬಹುಭಾಗವು ಹಳ್ಳಿಗಳದ್ದು; ಅದರಲ್ಲಿಯೂ ಸ್ವಂತ ಉದ್ಯೋಗ ಮತ್ತು ಮನೆಯ ಉದ್ಯಮಕ್ಕೆ ಕೂಲಿಯಿಲ್ಲದ ನೆರವು ಇವೇ ಪ್ರಧಾನ. ಸ್ತ್ರೀಯರು ಹೊಸದಾಗಿ ಕೆಲಸಕ್ಕಿಳಿದರೆಂದು ಕೆಲವರು ಹೇಳುತ್ತಾರೆ. ಮೊದಲಿನಿಂದಲೂ ಇದ್ದ ಕೆಲಸವನ್ನು ಈಗ ಚೆನ್ನಾಗಿ ಕೇಳಿ ಬರೆಯಲಾಗುತ್ತಿದೆಯೆಂದು ಮತ್ತೆ ಕೆಲವರು. ಎರಡು ಪಕ್ಷಗಳಲ್ಲಿಯೂ ಯುಕ್ತಿಯಿದೆ. ಆದರೆ ಫಲವು ಬೇರೆ: ಮೊದಲನೆಯದು ಸತ್ಯವಾದರೆ ದೇಶದ ಉತ್ಪತ್ತಿಯು ಬೆಳೆದಿರಬೇಕು, ಎರಡನೆಯದು ಸತ್ಯವಾದರೆ ಬೆಳೆದುದು ದೇಶದ ಅರಿವು ಮಾತ್ರ.

ಆದುದರಿಂದ ಎರಡು ರಾಷ್ಟ್ರಗಳ ಶ್ರಮಬಲವನ್ನು ತೂಗುವವರು ಅಂಕಗಳಿಗಿಂತ ಮೊದಲು ನಾಲ್ಕು ವಿಷಯಗಳನ್ನು ಸಮನಾಗಿಸಿಕೊಳ್ಳಬೇಕು: ಎಣಿಕೆಗೆ ತೊಡಗುವ ವಯಸ್ಸು, ಕೆಲಸವನ್ನು ವಿಚಾರಿಸಿದ ಅವಧಿ, ಅದರ ಕನಿಷ್ಠವಾದ ಹೊತ್ತು, ಕೂಲಿಯಿಲ್ಲದ ದುಡಿಮೆಯ ಬಗೆಗಿನ ನಿಯಮ. ಇವು ನಾಲ್ಕೂ ಹೊಂದಿದ ಬಳಿಕ ಉಳಿಯುವ ಅಂತರವೇ ದೇಶಗಳ ನಿಜವಾದ ಅಂತರ. ಮಿಕ್ಕುದು ಪರಿಭಾಷೆಯ ಅಂತರ. ಈ ವಿವೇಕವು ಕೇವಲ ಪಂಡಿತರ ವಿನೋದಕ್ಕಲ್ಲ. ಕೂಲಿಯ ದರ, ವಿಮೆ, ವೃದ್ಧಾಪ್ಯವೇತನ, ತರಬೇತಿ ಮುಂತಾದ ಏರ್ಪಾಡುಗಳೆಲ್ಲವೂ ದುಡಿಮೆಗಾರರ ಪಟ್ಟಿಯನ್ನು ಅನುಸರಿಸಿ ನಡೆಯುತ್ತವೆ. ಪಟ್ಟಿಯಲ್ಲಿ ಇಲ್ಲದವರಿಗೆ ಏರ್ಪಾಡಿನಲ್ಲಿಯೂ ಎಡೆಯಿರುವುದಿಲ್ಲ. ೧೯೭೧ರಲ್ಲಿ ಗಣತಿಯ ಅಂಕಣದಿಂದ ಜಾರಿದ ಆ ಕೋಟಿಗಟ್ಟಲೆ ಹೆಂಗಸರು ಮರುದಿನ ಬೆಳಗ್ಗೆಯೂ ಎಂದಿನಂತೆ ಹೊಲಕ್ಕೆ ಹೋದರು.