ರೈಸಿನಾದ ಹೊಲ, ವೈಸರಾಯನ ತೋಟ

2023ರ ಜನವರಿಯಲ್ಲಿ ದಿಲ್ಲಿಯ ರಾಷ್ಟ್ರಪತಿ ಭವನದ ಮೊಘಲ್ ಗಾರ್ಡನ್‌ಗೆ ‘ಅಮೃತ ಉದ್ಯಾನ’ ಅಂತ ಹೊಸ ಹೆಸರಿಟ್ಟರು. ಪೇಪರಿನಲ್ಲೆಲ್ಲ ಅದೇ ಜಗಳ. ಮೊಘಲರು ಬೇಕೋ ಬೇಡವೋ ಅಂತ ದೊಡ್ಡ ದೊಡ್ಡವರು ಕೂಗಾಡಿದರು. ತಮಾಷೆ ನೋಡಿ, ಆ ತೋಟ ಮಾಡಿಸಿದ್ದು ಮೊಘಲರೇ ಅಲ್ಲ, ಇಂಗ್ಲಿಷ್ ದೊರೆಗಳು. ತೋಟಕ್ಕಿಂತ ಮುಂಚೆ ಅಲ್ಲಿ ಊರುಗಳಿದ್ದವು. ಅವಕ್ಕೂ ಹೆಸರಿತ್ತು: ರೈಸಿನಾ, ಮಾಲ್ಚಾ. ಆ ಹೆಸರುಗಳ ಪರವಾಗಿ ಕೂಗಿದವರು ನನಗೆ ಕಾಣಲಿಲ್ಲ.

1911ರ ಡಿಸೆಂಬರ್ 12ರಂದು ಐದನೇ ಜಾರ್ಜ್ ದರ್ಬಾರಿನಲ್ಲಿ ಕೂತು ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ ಬರುತ್ತದೆ ಅಂದ. ರಾಜ ಆಡಿದ ಒಂದು ಮಾತಿಗೆ ಊರುಗಳು ಎದ್ದವು. 1894ರ ಭೂಸ್ವಾಧೀನ ಕಾಯ್ದೆ ಹಿಡಿದು ರೈಸಿನಾ, ಮಾಲ್ಚಾಗಳ ಜನರನ್ನ ಎಬ್ಬಿಸಿದರು. ಗುಡ್ಡದ ನೆತ್ತಿಯನ್ನ ಸಿಡಿಮದ್ದು ಇಟ್ಟು ಮಟ್ಟ ಮಾಡಿದರು.

ಈ ಕಾಯ್ದೆ ನಮಗೆ ಹೊಸದಲ್ಲ ಗೆಳೆಯರೇ. ಬ್ರಿಟಿಷರು ಹೋದ ಮೇಲೂ ಅದು ಹೋಗಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರನ್ನ ಕೇಳಿ, ಅದೇ ಕಾಯ್ದೆಯ ನೋಟೀಸು ಅವರ ಮನೆಗೂ ಬಂದಿತ್ತು. ಅದನ್ನ ರದ್ದು ಮಾಡಿ ಬೇರೆ ಕಾಯ್ದೆ ತಂದದ್ದು 2013ರಲ್ಲಿ. ಆ ಹಳೆಯ ಕಾಯ್ದೆಯ ಒಳಗುಟ್ಟು ಇಷ್ಟೇ ಆಗಿತ್ತು: ನೆಲದ ಮೇಲೆ ಹಕ್ಕು ತೋರಿಸಬಲ್ಲವನಿಗೆ ಪರಿಹಾರ. ಮತ್ತೊಬ್ಬರ ಹೊಲದಲ್ಲಿ ಕೂಲಿ ಮಾಡಿ ಉಣ್ಣುತ್ತಿದ್ದವನಿಗೆ ಹೊಲ ಹೋದರೆ ಅನ್ನವೇ ಹೋಯಿತು. ಆ ಕಾನೂನಿನ ಕಣ್ಣಿಗೆ ಮಾತ್ರ ಅವನದೇನೂ ಹೋಗಿರಲಿಲ್ಲ! ನಮ್ಮ ಕೇರಿಗಳ ಚರಿತ್ರೆ ಯಾವ ಕಡತದಲ್ಲೂ ಯಾಕೆ ಸಿಕ್ಕೋದಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

340 ಕೋಣೆಗಳ ಆ ಮನೆ ಮುಗಿದದ್ದು 1929ಕ್ಕೆ. ಶಾಲೆಯ ಪುಸ್ತಕದಲ್ಲಿ ಕಟ್ಟಿದವನ ಹೆಸರು ಎಡ್ವಿನ್ ಲುಟ್ಯೆನ್ಸ್ ಅಂತಿದೆ. ಅವನು ನಕ್ಷೆ ಬರೆದ. ಕಲ್ಲು ಹೊತ್ತವರು, ಬುಟ್ಟಿಯಲ್ಲಿ ಮಣ್ಣು ಹೊತ್ತ ಹೆಂಗಸರು, ರಾಜಸ್ಥಾನದಿಂದ ಕೂಲಿಗೆ ಬಂದ ಬಡವರು ಸಾವಿರಗಟ್ಟಲೆ. ಅವರ ಹೆಸರು ಎಲ್ಲಿದೆ?

ತೋಟದ ಕತೆ ಇನ್ನೂ ಸ್ವಾರಸ್ಯ. ವೈಸರಾಯ್ ಹಾರ್ಡಿಂಜ್‌ಗೆ ಮೊಘಲ್ ಮಾದರಿಯೇ ಬೇಕಾಗಿತ್ತು. ಹಳೆಯ ಬಾದಶಹರ ಜಾಗದಲ್ಲಿ ತಾವು ಕೂತಿದ್ದೀವಿ ಅಂತ ಜನಕ್ಕೆ ಕಾಣಬೇಕಲ್ಲ. ಲುಟ್ಯೆನ್ಸ್ ಕಾಲುವೆಗಳನ್ನ ಗೆರೆ ಎಳೆದಂತೆ ಎಳೆದ. ತೋಟಗಾರಿಕೆಯ ಅಧಿಕಾರಿ ವಿಲಿಯಂ ಮಸ್ಟೋ 1928-29ರಲ್ಲಿ ಗಿಡ ನೆಡಿಸಿದ. ಹುಲ್ಲುಹಾಸಿಗೆ ಗರಿಕೆ ತಂದದ್ದು ಎಲ್ಲಿಂದ ಗೊತ್ತಾ? ಕಲ್ಕತ್ತೆಯ ಬೆಲ್ವೆಡೇರ್ ಎಸ್ಟೇಟಿನಿಂದ! ನಮ್ಮವ್ವಂದಿರು ಸೊಂಟ ಬಗ್ಗಿಸಿ ಹೊಲದಿಂದ ಕಿತ್ತೆಸೆಯೋ ಗರಿಕೆ ಅಲ್ಲಿ ಕಲ್ಕತ್ತೆಯಿಂದ ಬಂದ ಅತಿಥಿ. ಆ ಕಾಲದ ಬಗ್ಗೆ ಬರೆದವರು 418 ಮಾಲಿಗಳ ಲೆಕ್ಕ ಕೊಡುತ್ತಾರೆ. ಅದರಲ್ಲಿ 50 ಮಂದಿ ಹುಡುಗರು. ಅವರ ಕೆಲಸ ಹಕ್ಕಿ ಓಡಿಸೋದು. ದೊರೆಯ ಹೂವಿಗೆ ಗುಬ್ಬಿ ಬಾಯಿ ಹಾಕಬಾರದು ಅಂತ ಐವತ್ತು ಮಕ್ಕಳ ಬಾಲ್ಯವನ್ನ ಬಿಸಿಲಲ್ಲಿ ನಿಲ್ಲಿಸಿದ್ದರು.

ಈ ವರ್ಷದ ಉದ್ಯಾನೋತ್ಸವಕ್ಕೆ ನಾನೂ ಹೋಗಿದ್ದೆ, ಫೆಬ್ರವರಿ ಕೊನೆಯಲ್ಲಿ. ಚೆಂದ ಇಲ್ಲ ಅಂತ ಹೇಳೋದಿಲ್ಲ, ಕಣ್ಣು ತುಂಬೋ ಹಾಗಿದೆ. ಹಾಲೆಂಡಿನಿಂದ ಗೆಡ್ಡೆ ತರಿಸಿ ಬೆಳೆದ ಟ್ಯೂಲಿಪ್. ನಮ್ಮ ಬಕುಳದ ಮರಗಳನ್ನ ಕತ್ತರಿಸಿ ಕತ್ತರಿಸಿ ಅಣಬೆಯಂತೆ ದುಂಡಗೆ ನಿಲ್ಲಿಸಿದ್ದಾರೆ. ನನಗ್ಯಾಕೋ ಶಿಸ್ತಿಗೆ ತಲೆ ಬೋಳಿಸಿಕೊಂಡು ನಿಂತ ಹಾಸ್ಟೆಲ್ ಹುಡುಗರ ನೆನಪಾಯಿತು. ಗುಲಾಬಿಗಳಿಗೆ ಹೆಸರುಗಳಿವೆ: ಕ್ವೀನ್ ಎಲಿಜಬೆತ್, ಜಾನ್ ಎಫ್. ಕೆನಡಿ, ಕ್ರಿಶ್ಚಿಯನ್ ಡಿಯೋರ್, ಅರ್ಜುನ, ಭೀಮ. ನಾನು ಏಕಲವ್ಯನನ್ನ ಹುಡುಕಿದೆ, ಸಿಕ್ಕಲಿಲ್ಲ. ಜನ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಂದೆ ಒಬ್ಬ ಮಾಲಿ ಕುಕ್ಕರಗಾಲಲ್ಲಿ ಕೂತು ಬಾಡಿದ ಎಲೆ ಆಯುತ್ತಿದ್ದ. ಫೋಟೋದಲ್ಲಿ ಬರದ ಹಾಗೆ ಅವನೇ ಸರಿದು ಕೂರುತ್ತಿದ್ದ. ಯಾರೂ ಸರಿ ಅಂದಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಏನೂ ಬದಲಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ರಾಜಾಜಿ ಗವರ್ನರ್ ಜನರಲ್ ಆಗಿದ್ದಾಗ, ಕಾಳಿಗೆ ಕೊರತೆಯಿದ್ದ ಕಾಲದಲ್ಲಿ, ಎಸ್ಟೇಟಿನ ಒಂದಷ್ಟು ನೆಲದಲ್ಲಿ ಗೋಧಿ ಬೆಳೆಸಿದರು. ಆಮೇಲೆ ತೋಟದ ಬಾಗಿಲು ವರ್ಷಕ್ಕೊಮ್ಮೆ ಜನಕ್ಕೆ ತೆರೆಯಿತು. 1997ರಲ್ಲಿ ಕೆ.ಆರ್. ನಾರಾಯಣನ್ ಆ ಮನೆಗೆ ಬಂದರು. ಕೇರಳದ ಉಳವೂರಿನಲ್ಲಿ ಫೀಸು ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದ ಹುಡುಗ, ನಮ್ಮವನು. 1998ರ ಚುನಾವಣೆಯಲ್ಲಿ ಅದೇ ಎಸ್ಟೇಟಿನ ಶಾಲೆಯ ಮತಗಟ್ಟೆಗೆ ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಓಟು ಹಾಕಿದರು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಹಾಗೆ ಓಟು ಹಾಕಿದ್ದು ಅದೇ ಮೊದಲು. ವೈಸರಾಯನ ನೆಲದಲ್ಲಿ ಒಬ್ಬ ದಲಿತ ಸಾಲಿನಲ್ಲಿ ನಿಂತದ್ದು ನನಗೆ ಆ ಎಲ್ಲ ಗುಲಾಬಿಗಿಂತ ದೊಡ್ಡದಾಗಿ ಕಾಣುತ್ತದೆ.

ಹೆಸರು ಬದಲಾದ 2023ರ ಉತ್ಸವದಲ್ಲಿ ಮಾರ್ಚ್ 28ನ್ನ ರೈತರಿಗೆ ಅಂತ ಮೀಸಲಿಟ್ಟಿದ್ದರು. ರೈತರು ಬಂದು ನೋಡಿ ಹೋಗಲಿಕ್ಕೆ ಒಂದು ದಿನ. ಮಾಲ್ಚಾದಿಂದ ಎದ್ದು ಹೋದವರ ಮೊಮ್ಮಕ್ಕಳು, ಮರಿಮಕ್ಕಳು ನೂರು ವರ್ಷ ಕಳೆದ ಮೇಲೆ, ಪರಿಹಾರ ಸಿಕ್ಕಿಲ್ಲ ಅಂತ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಅವರ ಊರಿನ ಹೆಸರು ಈಗ ರಾಯಭಾರಿಗಳ ಬಂಗಲೆಗಳಿರುವ ಚಾಣಕ್ಯಪುರಿಯಲ್ಲಿ ಒಂದು ರಸ್ತೆಗಿದೆ. ಹಸಿರು ಬೋರ್ಡಿನ ಮೇಲೆ ಬರೆದಿದೆ: ಮಾಲ್ಚಾ ಮಾರ್ಗ್.