ಕೆಂಪು ಬಣ್ಣದಾಚೆಗಿನ ಸತ್ವ: ಪೋಷಕಾಂಶಕ್ಕಾಗಿ ನಡೆದ ತಳಿ ಸಂಶೋಧನೆ

ಮಂಗಳೂರಿನ ಅಂಗಡಿಗಳಲ್ಲಿ ಕುಚ್ಚಲಕ್ಕಿ ಕೊಳ್ಳುವವರು ಬಣ್ಣ ನೋಡಿ ಸತ್ವ ಅಳೆಯುತ್ತಾರೆ. ಕೆಂಪಾದಷ್ಟೂ ಕಬ್ಬಿಣಾಂಶ ಹೆಚ್ಚೆಂಬ ಮಾತು ಆರೋಗ್ಯ ಅಂಕಣಗಳಲ್ಲೂ ಬೇರೂರಿದೆ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಬಂದಿರುವಾಗ ತಳಿ ಸುಧಾರಣೆಗೆ ಯಾಕೆ ಹೆಣಗಬೇಕು ಎಂದು ಕೇಳುವವರೂ ಇದ್ದಾರೆ. ಈ ಎರಡು ಮಾತುಗಳ ನಡುವೆ ಒಂದು ಇಡೀ ವಿಜ್ಞಾನ ಮರೆಗೆ ಸರಿದಿದೆ. ಅಕ್ಕಿಯ ಕೆಂಪು ‘ಆರ್‌ಸಿ’ ಎಂಬ ವಂಶವಾಹಿಯ ಕೆಲಸ. ಅದರಲ್ಲಿ 14 ಡಿಎನ್‌ಎ ಅಕ್ಷರಗಳಷ್ಟು ತುಣುಕು ಕಳಚಿಹೋದದ್ದರಿಂದಲೇ ಜಗತ್ತಿನ ಬಹುಪಾಲು ಬಿಳಿ ಅಕ್ಕಿ ಹುಟ್ಟಿತೆಂದು 2006ರಲ್ಲಿ ತಿಳಿಯಿತು. ಕಬ್ಬಿಣ ಮತ್ತು ಸತುವನ್ನು ಬೇರಿನಿಂದ ಕಾಳಿಗೆ ಸಾಗಿಸುವ ವಂಶವಾಹಿಗಳು ಬೇರೆಯೇ. ಬಣ್ಣ ಇದ್ದಲ್ಲೆಲ್ಲ ಖನಿಜವೂ ಇರಬೇಕೆಂದಿಲ್ಲ. ಕೆಂಪಿನ ಪಾಲಿಫಿನಾಲ್‌ಗಳು ದೇಹ ಕಬ್ಬಿಣವನ್ನು ಹೀರಿಕೊಳ್ಳುವುದನ್ನು ತುಸು ತಡೆಯುತ್ತವೆ ಕೂಡ.

ಪೋಷಕಾಂಶಕ್ಕಾಗಿ ತಳಿ ಸುಧಾರಿಸುವ ಈ ಕ್ಷೇತ್ರ ಶುರುವಾದದ್ದು ಮೆಕ್ಕೆಜೋಳದಿಂದ. ‘ಒಪೇಕ್-2’ ಎಂಬ ರೂಪಾಂತರದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಹೆಚ್ಚಿರುವುದನ್ನು 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕಂಡರು. 1971ರಲ್ಲೇ ಭಾರತದಲ್ಲೂ ಅಂಥ ತಳಿಗಳು ಹೊರಬಂದವು. ಆದರೆ ಕಾಳು ಮೆದು, ಇಳುವರಿ ಕಡಿಮೆ, ಹುಳುವಿನ ಕಾಟ ಬೇರೆ, ರೈತರು ಕೈಬಿಟ್ಟರು. ಆ ಕಾಳನ್ನು ಮತ್ತೆ ಗಟ್ಟಿ ಮಾಡಲು ವಿಜ್ಞಾನಿಗಳಾದ ಸುರೀಂದರ್ ವಾಸಲ್ ಮತ್ತು ಎವಂಜೆಲಿನಾ ವಿಲೆಗಾಸ್ ದಶಕಗಳನ್ನೇ ಕೊಟ್ಟರು. 2000ದಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ವರ್ಷ ಬೆಳಕಿಗೆ ಬಂದ ಕುಲಾಂತರಿ ‘ಬಂಗಾರದ ಅಕ್ಕಿ’ ಮಾತ್ರ ಚರ್ಚೆಯನ್ನೆಲ್ಲ ತನ್ನತ್ತ ಎಳೆದುಕೊಂಡಿತು. ಫಿಲಿಪ್ಪೀನ್ಸ್ 2021ರಲ್ಲಿ ಅದಕ್ಕೆ ಅನುಮತಿ ಕೊಟ್ಟರೂ 2024ರಲ್ಲಿ ಅಲ್ಲಿನ ನ್ಯಾಯಾಲಯ ತಡೆಯಿತು. ಪೋಷಕಾಂಶದ ತಳಿ ಎಂದೊಡನೆ ಜನ ಇಂದಿಗೂ ಕುಲಾಂತರಿ ಎಂದೇ ತಿಳಿಯುವುದು ಆ ಗದ್ದಲದ ಫಲ.

ನಿಜವಾಗಿ ಹೊಲಕ್ಕೆ ಬಂದದ್ದು ಸಹಜ ಸಂಕರಣ ಮತ್ತು ಆಯ್ಕೆಯ ದಾರಿ ಹಿಡಿದ ತಳಿಗಳು. ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಕಬ್ಬಿಣ ಸಮೃದ್ಧ ಸಜ್ಜೆ ‘ಧನಶಕ್ತಿ’ 2012ರಲ್ಲಿ ಮಹಾರಾಷ್ಟ್ರಕ್ಕೆ ಬಂತು. 2016ರ ‘ಡಿಆರ್‌ಆರ್ ಧಾನ್ 45’ ಭತ್ತದ ಪಾಲಿಶ್ ಮಾಡಿದ ಅಕ್ಕಿಯಲ್ಲೂ ಕಿಲೋಗೆ 22.6 ಮಿಲಿಗ್ರಾಂ ಸತು ಇದೆ. ರಾಗಿಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟಾಗ ಗುರಿ ಇಳುವರಿಯಾಗಿತ್ತು, ಆ ಕಾಲಕ್ಕೆ ಅದು ಸರಿಯಾದ ಗುರಿಯೇ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ‘ಎಂಎಲ್-365’ ರಾಗಿಯ ಜೀನೋಮನ್ನು ಓದಿ ಪ್ರಕಟಿಸಿದ ಮೇಲೆ ಸುಣ್ಣದಂಶದ ವಂಶವಾಹಿಗಳನ್ನು ನೇರವಾಗಿ ಹುಡುಕುವುದು ಸಾಧ್ಯವಾಯಿತು. ಸಂಕರಣ ಮತ್ತು ಆಯ್ಕೆಯ ಈ ದಾರಿಯ ಯಶಸ್ಸಿನ ಹಿಂದೆ ಅಳತೆಯ ಶಿಸ್ತಿದೆ. ಕಾಳಿಗಂಟಿದ ಚಿಟಿಕೆ ಮಣ್ಣೂ ಕಬ್ಬಿಣದ ಲೆಕ್ಕ ಕೆಡಿಸುತ್ತದೆ. ಉಕ್ಕಿನ ಗಿರಣಿಯಲ್ಲಿ ಉಜ್ಜಿದರೂ ಅಷ್ಟೆ. ಹಾಗಾಗಿ ಲೋಹ ತಾಗದ ಗಿರಣಿಯಲ್ಲಿ ಹೊಟ್ಟು ಬಿಡಿಸಿ, ಎಕ್ಸ್-ಕಿರಣದ ಯಂತ್ರದಲ್ಲಿ ಕಾಳು ಕೆಡದಂತೆ ಅಳೆಯುತ್ತಾರೆ. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಆ ಮಣ್ಣಿನಲ್ಲಿ ಕಬ್ಬಿಣ ಧಾರಾಳ. ನೀರು ನಿಲ್ಲುವ ಬೈಲು ಗದ್ದೆಯಲ್ಲಂತೂ ಅದು ಮಿತಿಮೀರಿ ಪೈರಿಗೇ ವಿಷವಾಗುವುದುಂಟು. ಆದರೂ ಕಾಳಿಗೇರುವುದು ಅಲ್ಪ. ಏರಿದ್ದರಲ್ಲೂ ಹೆಚ್ಚಿನದು ತೌಡಿನ ಪದರದಲ್ಲೇ ಉಳಿದು ಪಾಲಿಶಿನಲ್ಲಿ ಹೋಗುತ್ತದೆ. ಸತು ಕಾಳಿನ ಒಳಕ್ಕೂ ಇಳಿಯುವುದರಿಂದ ತಳಿ ಆಯ್ಕೆಗೆ ಅದು ಹೆಚ್ಚು ಒಗ್ಗುತ್ತದೆ. ಇಷ್ಟು ಗೊತ್ತಿದ್ದೂ ಕರಾವಳಿಯ ಭತ್ತದಲ್ಲಿ ನಾವು ಆರಿಸಿದ್ದು ಬೇರೆ ಗುಣಗಳನ್ನು. ಕೇರಳದಿಂದ ಬಂದ ಎಂಒ4 ತಳಿ ಗೆದ್ದದ್ದು ಇಳುವರಿ ಮತ್ತು ಕುಚ್ಚಲಕ್ಕಿಯ ಗುಣದಿಂದ. ಬ್ರಹ್ಮಾವರದ ಸಂಶೋಧನಾ ಕೇಂದ್ರದ ‘ಸಹ್ಯಾದ್ರಿ ಪಂಚಮುಖಿ’ ನೆರೆ ತಾಳುತ್ತದೆ, ಬೈಲಿನ ರೈತನಿಗೆ ಅದು ದೊಡ್ಡ ಉಪಕಾರ. ಸತುವಿನ ಅಂಕಿಯೂ ಬಿಡುಗಡೆಯ ಷರತ್ತುಗಳಲ್ಲಿ ಒಂದಾಗಬೇಕಿತ್ತು. ಸತುವಿಗಾಗಿ ಆರಿಸಿದರೆ ಇಳುವರಿ ಕುಸಿಯುತ್ತದೆಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳಿಲ್ಲದಿಲ್ಲ. 1960ರ ದಶಕದ ಭತ್ತದ ತಳಿಗಳಲ್ಲಿ ಕಿಲೋಗೆ 27.1 ಮಿಲಿಗ್ರಾಂ ಇದ್ದ ಸತು, ಇಳುವರಿಗಾಗಿ ಆರಿಸಿದ 2000ದ ದಶಕದವುಗಳಲ್ಲಿ 20.6ಕ್ಕೆ ಇಳಿದದ್ದನ್ನು ಪಶ್ಚಿಮ ಬಂಗಾಳದ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ಇದು ಸತುವನ್ನು ನೋಡದೆ ಆರಿಸಿದ್ದರ ಫಲ. ನೋಡಿ ಆರಿಸಿದರೆ ಎರಡನ್ನೂ ಉಳಿಸಿಕೊಳ್ಳಬಹುದೆಂಬುದಕ್ಕೆ ಡಿಆರ್‌ಆರ್ ಧಾನ್ 45 ಕಣ್ಣೆದುರಿಗಿದೆ.

ಸಾರವರ್ಧಿತ ಅಕ್ಕಿಯನ್ನು ನಾನು ವಿರೋಧಿಸುವುದಿಲ್ಲ. ನೂರು ಕಾಳಿಗೊಂದರಂತೆ ಬೆರೆಸುವ ಸಾರವರ್ಧಿತ ಕಾಳಿನಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇವೆ. ರಕ್ತಹೀನತೆಯ ಈ ನಾಡಿಗೆ ಅದು ಬೇಕು. ಆದರೆ ಅಲ್ಲಿ ಸತು ಕಡ್ಡಾಯವಲ್ಲ. ತನ್ನ ಗದ್ದೆಯ ಅಕ್ಕಿಯನ್ನೇ ಉಣ್ಣುವ ಬೆಳ್ತಂಗಡಿಯ ಮನೆಗೆ ಅದು ತಲುಪುವುದೂ ಇಲ್ಲ. ಅಲ್ಲಿಗೆ ತಲುಪುವುದು ಬೀಜ ಮಾತ್ರ. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದರು. ಅಂಥ ಸಂಗ್ರಹಗಳಲ್ಲಿ ಸತು ಹೆಚ್ಚಿರುವ ಕೆಂಪು ತಳಿಗಳನ್ನು ಹುಡುಕಿ ಎಂಒ4ರ ಜೊತೆ ಸಂಕರಿಸಬೇಕು. ಅಳತೆ ಹಸಿ ಕಾಳಿಗೇ ನಿಲ್ಲಬಾರದು. ಕುಚ್ಚುವಾಗ ಬಿ ಜೀವಸತ್ವ ತೌಡಿನಿಂದ ಒಳಸರಿಯುತ್ತದೆ, ಖನಿಜಗಳ ನಡೆ ಅಷ್ಟು ಸರಳವಲ್ಲ. ಆದ್ದರಿಂದ ಪ್ರತಿ ಹೊಸ ಸಂಕರವನ್ನೂ ನೆನೆಸಿ, ಕುಚ್ಚಿ, ಒಣಗಿಸಿ, ಮಂಗಳೂರಿನ ಮಿಲ್ಲುಗಳು ಮಾಡುವಷ್ಟೇ ಪಾಲಿಶ್ ಮಾಡಿ, ಬೇಯಿಸಿದ ಗಂಜಿಯಲ್ಲಿ ಎಷ್ಟು ಸತು ಉಳಿಯಿತೆಂದು ನೋಡಿಯೇ ಮುಂದಿನ ಹಂತಕ್ಕೆ ಆರಿಸಬೇಕು.