ಕೂದಲೆಳೆಯ ಅಂತರ

1857ರ ಪಾಠ ಮಾಡುವಾಗ ಕೊಬ್ಬು ಸವರಿದ ತೋಟಾಗಳ ಕಥೆ ಹೇಳದೆ ವಿಧಿಯಿಲ್ಲ. ಒಮ್ಮೆ ಹುಡುಗಿಯೊಬ್ಬಳು ಎದ್ದುನಿಂತು, "ಟೀಚರ್, ಒಂದು ಬಂದೂಕಿನ ತೋಟಾ ಇನ್ನೊಂದಕ್ಕೆ ಹಾಕಿದರೆ ಏನಾಗುತ್ತೆ?" ಎಂದು ಕೇಳಿದಳು. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಜರ್ಮನಿಯ ಚರಿತ್ರೆಯಲ್ಲಿದೆ.

1888ರಲ್ಲಿ ಜರ್ಮನ್ ಸೈನ್ಯ ಹೊಸ ರೈಫಲ್ ಒಂದನ್ನು ಬಳಕೆಗೆ ತಂದಿತು. ಅದರ ಗುಂಡಿನ ದಪ್ಪ ಸುಮಾರು 8.08 ಮಿ.ಮೀ. 1903-05ರ ಹೊತ್ತಿಗೆ ಮೂತಿ ಚೂಪಾದ, ಹಗುರವಾದ, ಹೆಚ್ಚು ವೇಗದ ಗುಂಡು ಬಂತು. ಅದರ ದಪ್ಪ 8.20. ಹೆಚ್ಚಾದದ್ದು ಒಂದೆರಡು ಕೂದಲೆಳೆಯಷ್ಟು. ಮದ್ದು ತುಂಬುವ ಹಿತ್ತಾಳೆಯ ಕೋಶ ಮಾತ್ರ ಹಳೆಯ ಅಳತೆಯದೇ. ಹಾಗಾಗಿ ಹೊಸ ತೋಟಾ ಹಳೆಯ ಬಂದೂಕಿನಲ್ಲೂ ಕೂತುಬಿಡಬಹುದಿತ್ತು. ಬೇರೆಯವರ ರವಿಕೆಯಾದರೆ ತೋಳು ತೂರಿಸುವಾಗಲೇ ಬಿಗಿ ತಿಳಿಯುತ್ತದೆ. ಇಲ್ಲಿ ಬಂದೂಕಿನ ಕುದುರೆ ಎಳೆಯುವವರೆಗೂ ತಿಳಿಯುವುದಿಲ್ಲ.

ಮದ್ದು ಉರಿದು ಅನಿಲವಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ನಳಿಗೆ ಕಿರಿದಾಗಿದ್ದರೆ ಗುಂಡು ಹಿಂಡಿಕೊಂಡು ಸಾಗಬೇಕು; ಅಷ್ಟರಲ್ಲಿ ಒತ್ತಡ ಏರಿಬಿಡುತ್ತದೆ. ಕೋಶ ಒಡೆಯಿತೋ, ಕಾದ ಅನಿಲ, ಲೋಹದ ಚೂರುಗಳು ಹಿಂದಕ್ಕೆ ನುಗ್ಗುತ್ತವೆ. ಹಿಂದೆ ಇರುವುದು ಗುರಿ ಹಿಡಿದವನ ಕಣ್ಣು. ಹೊಸ ಗುಂಡಿಗೆ ಹೊಂದಿಸಿದ ಬಂದೂಕುಗಳ ಮೇಲೆ ಜರ್ಮನರು ‘ಎಸ್’ ಎಂಬ ಅಕ್ಷರ ಒತ್ತಿದರು. ಕತ್ತಲ ಕಂದಕದಲ್ಲಿ ಆ ಒಂದಕ್ಷರವನ್ನು ಓದುವವರು ಯಾರು?

ಇದೇ ಜರ್ಮನ್ ತೋಟಾ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲಿಗೂ ಹೊಕ್ಕಿತು. ಅದರ ಗುಂಡು 7.82 ಮಿ.ಮೀ. ಮಾತ್ರ. ಆದರೆ ಜರ್ಮನ್ ಕೋಶ ಗಿಡ್ಡ, ಒಳಗೆ ಜಾಗ ಸಿಕ್ಕಿಬಿಡುತ್ತಿತ್ತು. 1917ರಿಂದ 1929ರವರೆಗೆ ಈ ರೈಫಲ್ ಒಡೆದ 68 ಪ್ರಕರಣಗಳನ್ನು ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಪಟ್ಟಿ ಮಾಡಿದರು. ಕೆಲವಕ್ಕೆ ಕಾರಣ ಈ ತಪ್ಪು ತೋಟಾ.

ಹಾಗೆಂದು ಸಿಪಾಯಿಯನ್ನು ದೂರಿ ಕೈತೊಳೆದುಕೊಳ್ಳುವಂತಿರಲಿಲ್ಲ. ಕಾರ್ಖಾನೆಯಲ್ಲಿ ಉಕ್ಕು ಎಷ್ಟು ಕಾದಿದೆ ಎಂಬುದನ್ನು ಕೆಲಸಗಾರರು ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ಬಿಸಿಲಿನ ದಿನ ಕೆಂಪು ಮಂಕಾಗಿ ಕಾಣುವುದು, ಇನ್ನಷ್ಟು ಕಾಯಿಸುವರು. ನಾವೂ ಎಣ್ಣೆಯ ಹದವನ್ನು ಕಣ್ಣಳತೆಯಲ್ಲೇ ನೋಡುವವರು, ಆದರೆ ತಪ್ಪಿದರೆ ಒಂದು ಹಪ್ಪಳ ಸೀದೀತು. ಅಲ್ಲಿ ಉಕ್ಕೇ ಸುಟ್ಟು ಪೆಡಸಾಗಿತ್ತು. ಒತ್ತಡ ಮೀರಿದರೆ ಬಾಗದೆ ಚೂರುಚೂರಾಗುತ್ತಿತ್ತು.

1918ರಲ್ಲಿ ಕಾಯಿಸುವ ವಿಧಾನ ಬದಲಾಯಿತು. ಅದಕ್ಕೂ ಮೊದಲು ತಯಾರಾದ ಸುಮಾರು ಹತ್ತು ಲಕ್ಷ ರೈಫಲ್‌ಗಳನ್ನು ಮಾತ್ರ ಸೈನ್ಯ ಕೂಡಲೇ ಹಿಂದಕ್ಕೆ ತರಿಸಲಿಲ್ಲ. ಅವು ಎಷ್ಟೋ ವರ್ಷ ಹುಡುಗರ ಹೆಗಲ ಮೇಲೆಯೇ ಇದ್ದವು.